ನೀಲಗಿರಿ ಮರದ ತವರಿನಲ್ಲಿ

ಪ್ರವಾಸಕಥನಗಳನ್ನು ಓದುವ ಅಭ್ಯಾಸವುಳ್ಳ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಹೊರಡುವ ಸಿದ್ಧತೆಗೆ ಹತ್ತು ಪುಟ, ಕಂಡ ಊರುಗಳಿಗೆ ನೂರು ಪುಟ ಮೀಸಲಾಗಿದ್ದರೆ, ಹಿಂದಿರುಗುವುದಕ್ಕೆ ಮುಂಚಿನ ಕೊನೆಯ ದಿನಗಳಿಗೆ ಎರಡು ಸಾಲು ದೊರೆತರೆ ಹೆಚ್ಚು. ಪ್ರವಾಸ ಸುಖವಾಗಿ ಮುಗಿಯಿತೆಂದು ಬರೆದು ಲೇಖಕರು ಲೇಖನಿಯನ್ನು ಕೆಳಗಿಡುತ್ತಾರೆ. ಊರು ನೋಡುವುದಕ್ಕೆಂದೇ ಹೋದವರ ಮಟ್ಟಿಗೆ ಇದು ಸರಿಯೇ. ಆದರೆ ದೂರದೇಶದಲ್ಲಿ ನೆಲಸಿದ ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳ ಪ್ರವಾಸಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅವರ ಪ್ರವಾಸದ ತಿರುಳೆಲ್ಲ ಇರುವುದು ಕೊನೆಯ ನಾಲ್ಕು ದಿನಗಳಲ್ಲಿ. ಅಷ್ಟು ದಿನವೂ ನಾಲಗೆಯ ತುದಿಯಲ್ಲಿ ನಿಂತಿದ್ದ ಮಾತು ಹೊರಬೀಳುವುದು ಆಗಲೇ.

ಈ ತಿಂಗಳ ಅಂಕಣವನ್ನು ಅಂಥ ನಾಲ್ಕು ದಿನಗಳಿಗೆ ಮೀಸಲಿಡುತ್ತಿದ್ದೇನೆ. ಕಳೆದ ಏಪ್ರಿಲ್ ತಿಂಗಳಲ್ಲಿ ಆಸ್ಟ್ರೇಲಿಯದ ದಕ್ಷಿಣ ಕರಾವಳಿಯಲ್ಲಿ ನಾವು ಕಳೆದ ದಿನಗಳವು. ಇದನ್ನು ನಮ್ಮ ಮನೆಯ ವಾರ್ತೆಯೆಂದು ಬರೆಯುತ್ತಿಲ್ಲ. ಕೂನೂರಿಗೂ ಉದಕಮಂಡಲಕ್ಕೂ ನಡುವೆ, ಬೆಟ್ಟದ ರೈಲು ಕ್ಷಣಹೊತ್ತು ನಿಂತು ಹೋಗುವ ಈ ಸಣ್ಣ ಅರವಂಕಾಡಿನಲ್ಲಿಯೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಈಗ ವಿರಳವಲ್ಲ. ಗಡಿನಾಡಿನ ಕನ್ನಡ ಕುಟುಂಬಗಳಿಗಂತೂ ನೆಲ ಬದಲಿಸುವುದು ಹೊಸತಲ್ಲ. ನಮ್ಮ ಯಜಮಾನರ ಅಜ್ಜ ಗುಂಡ್ಲುಪೇಟೆಯ ಕಡೆಯಿಂದ ಬಂಡೀಪುರದ ಕಾಡನ್ನು ದಾಟಿ, ಘಟ್ಟ ಹತ್ತಿ, ಇಲ್ಲಿಯ ಕಾರ್ಡೈಟ್ ಕಾರ್ಖಾನೆಯ ಕೆಲಸಕ್ಕೆ ಸೇರಿದವರು. ಅವರ ಮರಿಮಗ ಕಡಲು ದಾಟಿ ಮೆಲ್ಬರ್ನ್ ಸೇರಿದ್ದಾನೆ. ದೂರ ಹೆಚ್ಚಾಯಿತೇ ಹೊರತು ಕಥೆ ಹಳೆಯದೇ.

ಚಲಿಸುವ ಮನೆ

ಮೊಮ್ಮಗಳ ಶಾಲೆಗೆ ರಜೆ ಬರುವ ಸಮಯಕ್ಕೆ ಸರಿಯಾಗಿ ಮಗ ಒಂದು ಕ್ಯಾಂಪರ್‌ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿದ್ದ. ಅಡಿಲೇಡಿನಲ್ಲಿ ಗಾಡಿಯನ್ನು ಪಡೆದು, ಕರಾವಳಿಯನ್ನೇ ಹಿಡಿದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಪೂರ್ವಕ್ಕೆ ಸಾಗಿ, ಹನ್ನೆರಡನೆಯ ದಿನ ಮೆಲ್ಬರ್ನಿನಲ್ಲಿ ಒಪ್ಪಿಸಬೇಕೆಂಬುದು ಕರಾರು. ಹೆಸರು ಕೇಳಿ ಬೆದರುವಂಥದೇನೂ ಇಲ್ಲ. ಸಣ್ಣ ಬಸ್ಸಿನೊಳಗೆ ಒಂದು ಮನೆಯನ್ನು ಅಡಕಮಾಡಿದಂಥ ಗಾಡಿ ಅದು. ಎರಡು ಉರಿಯ ಗ್ಯಾಸ್ ಒಲೆ, ಮೊಣಕಾಲೆತ್ತರದ ಫ್ರಿಜ್ಜು, ಕೈತೊಳೆಯುವ ತೊಟ್ಟಿ, ಹಗಲು ಊಟದ ಮೇಜಾಗಿ ರಾತ್ರಿ ಹಾಸಿಗೆಯಾಗುವ ಒಂದು ಹಲಗೆ. ಚಾಲಕನ ತಲೆಯ ಮೇಲಣ ಅಟ್ಟದಲ್ಲಿ ಮೊಮ್ಮಗಳ ಹಾಸಿಗೆ. ಬೀರುವಿನಷ್ಟು ಅಗಲದ ಶೌಚಗೃಹವೂ ಉಂಟು. ಅದರ ಮಲಿನವೆಲ್ಲ ಕೆಳಗಿನ ಒಂದು ಪೆಟ್ಟಿಗೆಯಲ್ಲಿ ಸೇರುತ್ತದೆ. ಆ ಪೆಟ್ಟಿಗೆಯನ್ನು ಹೊರಗೆಳೆದು, ಗೊತ್ತಾದ ಸ್ಥಳದಲ್ಲಿ ಚೆಲ್ಲಿ, ತೊಳೆದು ತರುವುದು ಗಾಡಿಯಲ್ಲಿದ್ದವರದೇ ಕೆಲಸ. ದೊಡ್ಡ ಸಂಬಳದ ನಮ್ಮ ಮಗ ದಿನ ಬೆಳಗ್ಗೆ ಆ ಪೆಟ್ಟಿಗೆಯನ್ನು ಚಕ್ರದ ಮೇಲೆ ಉರುಳಿಸಿಕೊಂಡು ಹೋಗುವುದನ್ನು ನೋಡಿ, ಊರಿನಲ್ಲಿ ಈ ವೈಭವವನ್ನು ಯಾರಿಗೂ ಹೇಳಕೂಡದೆಂದು ಯಜಮಾನರು ನನಗೆ ತಾಕೀತು ಮಾಡಿದ್ದರು. ಹೇಳಿದರೆ ತಪ್ಪೇನು? ತನ್ನ ಮನೆಯ ಕೊಳೆಯನ್ನು ತಾನೇ ಎತ್ತುವುದು ಅಲ್ಲಿ ಯಾರಿಗೂ ಅವಮಾನವಲ್ಲ.

ಮೊದಲ ಏಳೆಂಟು ದಿನಗಳ ವಿವರಕ್ಕೆ ಇಲ್ಲಿ ಸ್ಥಳವಿಲ್ಲ. ಕೂರಾಂಗಿನ ಉಪ್ಪುನೀರಿನ ಹಿನ್ನೀರುಗಳನ್ನೂ ಮೌಂಟ್ ಗ್ಯಾಂಬಿಯರಿನ ನೀಲಿ ಕೆರೆಯನ್ನೂ ನೋಡಿಕೊಂಡು, ಒಂದು ಗುರುವಾರ ಮಧ್ಯಾಹ್ನ ವಿಕ್ಟೋರಿಯ ರಾಜ್ಯದ ವಾರ್ನಂಬೂಲ್ ಎಂಬ ಕಡಲೂರಿಗೆ ಬಂದು ಸೇರಿದೆವು. ಸೋಮವಾರ ಗಾಡಿಯನ್ನು ಒಪ್ಪಿಸಬೇಕು. ಆ ವಾರವೇ ನಮ್ಮ ವಿಮಾನ. ಗಾಡಿಯೊಳಗೆ ಎಲ್ಲರ ಮಾತೂ ಸ್ವಲ್ಪ ಕಡಿಮೆಯಾಯಿತು.

ಹಡಗು ಒಡೆದ ತೀರ

ವಾರ್ನಂಬೂಲಿನಲ್ಲಿ ಫ್ಲ್ಯಾಗ್‌ಸ್ಟಾಫ್ ಹಿಲ್ ಎಂಬ ನೌಕಾ ವಸ್ತುಸಂಗ್ರಹಾಲಯವಿದೆ. ಅಲ್ಲಿ ಒಂದು ನವಿಲಿದೆ. ಇಂಗ್ಲೆಂಡಿನ ಮಿಂಟನ್ ಕುಂಭಶಾಲೆಯಲ್ಲಿ ಮಾಡಿದ, ಬಣ್ಣದ ಮೆರುಗು ಕೊಟ್ಟ ದೊಡ್ಡ ಪಿಂಗಾಣಿ ನವಿಲು. 1880ರಲ್ಲಿ ಮೆಲ್ಬರ್ನಿನಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕೆಂದು ಅದನ್ನು ಹಡಗೇರಿಸಿದ್ದರು. ಹಡಗು ಒಡೆದು ನುಚ್ಚುನೂರಾಯಿತು. ನವಿಲು ಮಾತ್ರ ತನ್ನ ಪೆಟ್ಟಿಗೆಯೊಳಗೆ ಭದ್ರವಾಗಿ ದಡಕ್ಕೆ ತೇಲಿಬಂತು.

ಆ ಹಡಗಿನ ಹೆಸರು ಲಾಕ್ ಆರ್ಡ್. 1878ರ ಮಾರ್ಚ್ ಆರಂಭದಲ್ಲಿ ಇಂಗ್ಲೆಂಡಿನಿಂದ ಹೊರಟ ಈ ಹಾಯಿಹಡಗು ಮೂರು ತಿಂಗಳು ಕಡಲಿನಲ್ಲಿ ಕಳೆದು ಮೆಲ್ಬರ್ನನ್ನು ಸಮೀಪಿಸುತ್ತಿತ್ತು. ಮೇ 31ರ ರಾತ್ರಿ, ನಾಳೆಯೋ ನಾಳಿದ್ದೋ ನೆಲ ಕಾಣುವೆವೆಂದು ಪ್ರಯಾಣಿಕರು ಹಾಡಿ ಕುಣಿದು ಸಂತೋಷಪಟ್ಟರು. ಹೊರಗೆ ಮಂಜು ಕವಿದಿತ್ತು. ಆಟ್ವೇ ಭೂಶಿರದ ದೀಪಸ್ತಂಭವನ್ನು ಕಪ್ತಾನ ಎದುರುನೋಡುತ್ತಿದ್ದ. ದೀಪ ಕಾಣಲಿಲ್ಲ. ಜೂನ್ 1ರ ಬೆಳಗಿನ ಜಾವ ಮಂಜು ಹರಿದಾಗ ಎದುರಿಗಿದ್ದುದು ಬೆಳಕಲ್ಲ, ಕಡಿದಾದ ಬಂಡೆಯ ಗೋಡೆ. ಹಡಗಿನಲ್ಲಿದ್ದ 54 ಜನರಲ್ಲಿ ಇಬ್ಬರು ಮಾತ್ರ ಉಳಿದರು. ಒಬ್ಬ ಟಾಮ್ ಪಿಯರ್ಸ್ ಎಂಬ ಹಡಗಿನ ಉಮೇದುವಾರ. ಇನ್ನೊಬ್ಬಳು ತಂದೆತಾಯಿ ಒಡಹುಟ್ಟಿದವರೊಡನೆ ಹೊಸ ದೇಶದಲ್ಲಿ ನೆಲಸಲೆಂದು ಐರ್ಲೆಂಡಿನಿಂದ ಬರುತ್ತಿದ್ದ ಈವಾ ಕಾರ್ಮೈಕಲ್. ಇಬ್ಬರೂ ಹದಿನೆಂಟರ ಆಸುಪಾಸಿನವರು. ಅಲೆಯ ಹೊಡೆತಕ್ಕೆ ಸಿಕ್ಕಿ ಒಂದು ಕಮರಿಯೊಳಗೆ ಬಂದು ಬಿದ್ದಿದ್ದ ಟಾಮ್, ಹುಡುಗಿಯ ಕೂಗು ಕೇಳಿ ಮತ್ತೆ ನೀರಿಗಿಳಿದು ಅವಳನ್ನು ಎಳೆತಂದ. ಅನಂತರ ಆ ಗೋಡೆಯಂಥ ಬಂಡೆಯನ್ನು ಹತ್ತಿ ಜನರನ್ನು ಕರೆತಂದ. ಇವರಿಬ್ಬರಿಗೂ ಮದುವೆಯಾಗಬೇಕೆಂದು ಅಂದಿನ ಜನ ಬಹಳ ಆಸೆಪಟ್ಟರಂತೆ. ಈವಾ ಕೆಲವು ತಿಂಗಳಲ್ಲಿಯೇ ಐರ್ಲೆಂಡಿಗೆ ಹಿಂದಿರುಗಿದಳು. ಕರೆತಂದವರೇ ಇಲ್ಲವಾದ ಮೇಲೆ ಹೊಸ ದೇಶ ಅವಳಿಗೆ ಏತಕ್ಕೆ?

ಶುಕ್ರವಾರ ನಾವು ಆ ಕಮರಿಗೆ ಇಳಿದೆವು. ಮೆಟ್ಟಿಲುಗಳಿವೆ, ವಯಸ್ಸಾದವರೂ ಕೈಪಿಡಿ ಹಿಡಿದು ಇಳಿಯಬಹುದು. ಎರಡು ಎತ್ತರದ ಗೋಡೆಗಳ ನಡುವೆ ಇಷ್ಟೇ ಅಗಲದ ನೀರಿನ ಬಾಗಿಲು, ಒಳಗೆ ಚಂದ್ರಾಕಾರದ ಮರಳು. ಮೇಲಿನ ಬಯಲಿನಲ್ಲಿ ಕೆಲವು ಗೋರಿಗಳು. ಸೊಸೆ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ ಮಗಳಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಮಗು ಕೇಳಿದ್ದು ಒಂದೇ ಪ್ರಶ್ನೆ: "ಅವರ ಅಜ್ಜಿ ಎಲ್ಲಿದ್ದರು?" ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಸಮೀಪದಲ್ಲೇ ಹನ್ನೆರಡು ಅಪೊಸ್ತಲರೆಂದು ಲೋಕಪ್ರಸಿದ್ಧವಾದ ಸುಣ್ಣಕಲ್ಲಿನ ಕಂಬಗಳಿವೆ. ಹೆಸರು ಹನ್ನೆರಡಾದರೂ ಆ ಹೆಸರು ಬಳಕೆಗೆ ಬಂದ ಕಾಲದಲ್ಲಿಯೇ ಅಷ್ಟು ಕಂಬಗಳಿರಲಿಲ್ಲ. 2005ರ ಜುಲೈ 3ರಂದು ಸುಮಾರು 50 ಮೀಟರ್ ಎತ್ತರದ ಒಂದು ಕಂಬ ಕ್ಷಣದಲ್ಲಿ ಕುಸಿದು ಕಲ್ಲಿನ ರಾಶಿಯಾಯಿತು. ಮಣ್ಣು ಕಲ್ಲುಗಳ ಈ ಕರಾವಳಿಯನ್ನು ಕಡಲು ಹಗಲಿರುಳೂ ಕಡೆಯುತ್ತಿದೆ. ಮೊದಲು ಬಂಡೆಯಲ್ಲಿ ಗವಿ, ಗವಿ ತೂತಾದರೆ ಕಮಾನು, ಕಮಾನು ಬಿದ್ದರೆ ಒಂಟಿ ಕಂಬ, ಕೊನೆಗೆ ಅದೂ ಇಲ್ಲ. ಲಂಡನ್ ಬ್ರಿಜ್ ಎಂಬ ಜೋಡಿ ಕಮಾನಿನ ಒಳಭಾಗ 1990ರ ಜನವರಿ 15ರಂದು ಬಿದ್ದುಹೋದಾಗ ಅದರ ಹೊರತುದಿಯಲ್ಲಿ ನಿಂತಿದ್ದ ಇಬ್ಬರು ಪ್ರವಾಸಿಗಳನ್ನು ಹೆಲಿಕಾಪ್ಟರಿನಲ್ಲಿ ಬಿಡಿಸಿ ತರಬೇಕಾಯಿತು. ಲಾಕ್ ಆರ್ಡ್ ಕಮರಿಯ ಬಳಿಯ ಇನ್ನೊಂದು ಕಮಾನು 2009ರಲ್ಲಿ ಕುಸಿದು ಎರಡು ಕಂಬಗಳಾಗಿ ನಿಂತಿತು. ಅವುಗಳಿಗೆ ಟಾಮ್ ಮತ್ತು ಈವಾ ಎಂದೇ ಹೆಸರಿಟ್ಟಿದ್ದಾರೆ.

ಈ ನೆಲದ ಮೂಲನಿವಾಸಿಗಳ ಹಕ್ಕಿನ ಮಾತನ್ನೂ ಇಲ್ಲಿ ಹೇಳಬೇಕು. ಬಿಳಿಯರು ಬರುವುದಕ್ಕೆ ಮುಂಚೆ ಸಾವಿರಾರು ವರ್ಷ ಇಲ್ಲಿ ಬಾಳಿದ ಜನರ ವಂಶದವರಾದ ಈಸ್ಟರ್ನ್ ಮಾರ್ ಸಮುದಾಯಕ್ಕೆ ಈ ಪ್ರದೇಶದ ಮೇಲಣ ಪಾರಂಪರಿಕ ಹಕ್ಕನ್ನು ನ್ಯಾಯಾಲಯ ಮಾನ್ಯಮಾಡಿದ್ದು 2023ರಲ್ಲಿ. ತೋಡರ ಹುಲ್ಲುಗಾವಲುಗಳ ಕಥೆಯನ್ನು ಬಲ್ಲ ನಮಗೆ ಇದು ತೀರ ಪರದೇಶದ ವಿಷಯವೆನಿಸಲಿಲ್ಲ.

ಮಗನ ಪ್ರಶ್ನೆ

ಶನಿವಾರ ಆಟ್ವೇ ಭೂಶಿರ. 1848ರಲ್ಲಿ ಬೆಳಗತೊಡಗಿದ ಅಲ್ಲಿಯ ದೀಪಸ್ತಂಭ 1994ರವರೆಗೆ ಕೆಲಸ ಮಾಡಿತು. ಯುರೋಪಿನಿಂದ ತಿಂಗಳುಗಟ್ಟಲೆ ನೀರನ್ನೇ ನೋಡಿಕೊಂಡು ಬಂದ ವಲಸೆಗಾರರಿಗೆ ಹೊಸ ನೆಲದ ಮೊದಲ ಗುರುತು ಅನೇಕ ವೇಳೆ ಈ ದೀಪವೇ ಆಗಿರುತ್ತಿತ್ತು. ಅದರ ಬುಡದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬರಿಯ ಕಡಲು, ಅದರಾಚೆ ಹಿಮಖಂಡ.

ಆ ಸಂಜೆ ಭೂಶಿರದಿಂದ ಅಷ್ಟೇನೂ ದೂರವಲ್ಲದ ಒಂದು ಬಿಡಾರದ ಮೈದಾನದಲ್ಲಿ ಗಾಡಿಯನ್ನು ನಿಲ್ಲಿಸಿದೆವು. ಎಲ್ಲೆಂದರಲ್ಲಿ ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವುದಕ್ಕೆ ಈ ಕರಾವಳಿಯಲ್ಲಿ ಅವಕಾಶವಿಲ್ಲ. ಗೊತ್ತಾದ ಬಿಡಾರಗಳಲ್ಲಿ ಸ್ಥಳವನ್ನು ಮುಂಗಡವಾಗಿ ಕಾದಿರಿಸಬೇಕು. ಕತ್ತಲಾದ ಮೇಲೆ ಕಾಂಗರೂಗಳು ರಸ್ತೆಗೆ ಹಾರುವುದರಿಂದ ಹೊತ್ತು ಮುಳುಗುವ ಮುನ್ನವೇ ತಂಗುವುದು ಕ್ಷೇಮ. ಅನ್ನ, ಬೇಳೆಸಾರು, ಅಲ್ಲಿಯ ಅಂಗಡಿಯಿಂದ ತಂದ ಹಪ್ಪಳ. ಊಟವಾದ ಮೇಲೆ ಕಂಬಳಿ ಹೊದ್ದು ಹೊರಗೆ ಕುಳಿತೆವು. ನೆತ್ತಿಯ ಕಡೆಗೆ ತ್ರಿಶಂಕು ನಕ್ಷತ್ರಗಳು. ನಮ್ಮ ಬೆಟ್ಟದಲ್ಲಿ ಬೇಸಗೆಯ ರಾತ್ರಿ ದಕ್ಷಿಣದ ಅಂಚಿನಲ್ಲಿ ತಲೆಯೆತ್ತಿ ಮರೆಯಾಗುವ ಆ ನಾಲ್ಕು ಚುಕ್ಕೆಗಳು ಅಲ್ಲಿ ಆಕಾಶದ ಯಜಮಾನರಂತೆ ನಿಂತಿರುತ್ತವೆ.

ಮಗ ಆಗ ಬಾಯಿಬಿಟ್ಟ. "ಅಪ್ಪ, ಅರವಂಕಾಡಿನ ಮನೆಯನ್ನು ಮಾರಿಬಿಡಿ. ನೀವಿಬ್ಬರೂ ಇಲ್ಲಿಗೇ ಬಂದುಬಿಡಿ. ಅಲ್ಲಿ ನಿಮಗೇನಾದರೂ ಆದರೆ ನಾನು ಬಂದು ತಲಪುವುದಕ್ಕೆ ಎರಡು ದಿನ ಬೇಕು." ಸೊಸೆಯೂ ಅದನ್ನೇ ಹೇಳಿದಳು. ಬಾಯುಪಚಾರಕ್ಕೆ ಹೇಳಿದ ಮಾತಲ್ಲ ಅದು. ತಂದೆತಾಯಿಗಳನ್ನು ಕರೆಸಿಕೊಳ್ಳುವ ವೀಸಾದ ವಿಷಯವನ್ನೆಲ್ಲ ಅವರು ವಿಚಾರಿಸಿಟ್ಟಿದ್ದರು. ಸಾಧಾರಣ ಕ್ರಮದಲ್ಲಿ ಅರ್ಜಿ ಹಾಕಿದರೆ ದಶಕಗಳ ಕಾಲ ಕಾಯಬೇಕಂತೆ. ಬಹಳ ಹಣ ಕಟ್ಟುವ ಇನ್ನೊಂದು ಕ್ರಮವಿದೆ. ಅದಕ್ಕೂ ವರ್ಷಗಳೇ ಹಿಡಿಯುತ್ತವೆ. ಆ ಹಣವನ್ನು ಕೂಡಿಸುವ ದಾರಿಯನ್ನೂ ಯೋಚಿಸಿದ್ದರು. ಯಜಮಾನರು ಏನೂ ಹೇಳಲಿಲ್ಲ. ನಾಳೆ ಮಾತನಾಡೋಣವೆಂದು ನಾನು ಎದ್ದೆ.

ಏಪ್ರಿಲ್ ತಿಂಗಳ ಮೊದಲ ಭಾನುವಾರದ ನಸುಕಿನಲ್ಲಿ ಆ ರಾಜ್ಯದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಪದ್ಧತಿ. ನಮಗೆ ಅದೇ ರಾತ್ರಿ ಅದು ಒದಗಿತು. ನಿದ್ದೆ ಬಾರದವರಿಗೆ ಸರಕಾರವೇ ಒಂದು ಗಂಟೆಯನ್ನು ಹೆಚ್ಚಾಗಿ ದಯಪಾಲಿಸಿದಂತಾಯಿತು.

ಅಜ್ಜಿಯ ಮನೆಯ ವಾಸನೆ

ಭಾನುವಾರ ಬೆಳಗ್ಗೆ ಅಪೊಲೊ ಬೇ ದಾಟಿ ಕೆನೆಟ್ ರಿವರ್ ಎಂಬ ಸಣ್ಣ ಊರಿನಲ್ಲಿ ಇಳಿದೆವು. ಅಲ್ಲಿಯ ಮರಗಳಲ್ಲಿ ಕೋಲಾಗಳು ಸುಲಭವಾಗಿ ಕಾಣಸಿಗುತ್ತವೆಂದು ಪ್ರವಾಸಿಗಳು ಕತ್ತೆತ್ತಿಕೊಂಡೇ ನಡೆಯುತ್ತಾರೆ. ಇರುಳು ಸಣ್ಣ ಮಳೆ ಬಂದು ನಿಂತಿತ್ತು. ಗಾಡಿಯಿಂದ ಇಳಿದ ಮೊಮ್ಮಗಳು ಮೂಗರಳಿಸಿ, "ಅಜ್ಜೀ, ಇಲ್ಲಿ ನಿಮ್ಮ ಮನೆಯ ವಾಸನೆ!" ಎಂದಳು.

ಮಗುವಿನ ಮಾತು ನಿಜ. ನನೆದ ನೀಲಗಿರಿ ಎಲೆಯ ವಾಸನೆ ಅದು. ಅರವಂಕಾಡಿನಲ್ಲಿ ಬಾಗಿಲು ತೆರೆದರೆ ಒಳನುಗ್ಗುವಂಥದೇ. ತಲೆಯೆತ್ತಿ ನೋಡಿದೆ. ಉದ್ದುದ್ದ ಪಟ್ಟಿಗಳಾಗಿ ಸುಲಿದು ಜೋಲುವ ತೊಗಟೆ, ಕುಡುಗೋಲಿನಂತೆ ಬಾಗಿ ತೂಗುವ ಎಲೆ, ಎಳೆಯ ಗಿಡಗಳಲ್ಲಿ ಮಾತ್ರ ಬೂದಿ ಬಳಿದಂತೆ ನೀಲಿಯಾದ ದುಂಡೆಲೆ, ನೆಲದಲ್ಲಿ ಕೋಟಿನ ಗುಂಡಿಯನ್ನು ಹೋಲುವ ಕಾಯಿ. ಇಂಗ್ಲಿಷಿನಲ್ಲಿ ಬ್ಲೂ ಗಮ್ ಎನ್ನುವ ಆ ಮರಕ್ಕೆ ಶಾಸ್ತ್ರದಲ್ಲಿ ಯೂಕಲಿಪ್ಟಸ್ ಗ್ಲಾಬ್ಯುಲಸ್ ಎಂದು ಹೆಸರು. ಫ್ರೆಂಚ್ ಸಸ್ಯವಿಜ್ಞಾನಿ ಲಾಬಿಲ್ಯಾರ್ದಿಯೇರ್ ಅದನ್ನು 1792ರಲ್ಲಿ ಟ್ಯಾಸ್ಮೇನಿಯ ದ್ವೀಪದಲ್ಲಿ ಕಂಡು ಅನಂತರ ವರ್ಣಿಸಿದ. 1962ರಿಂದ ಅದರ ಹೂವು ಟ್ಯಾಸ್ಮೇನಿಯದ ರಾಜ್ಯಚಿಹ್ನೆ. ಆ ದ್ವೀಪ, ಈ ಆಟ್ವೇ ಬೆಟ್ಟಗಳು, ಸುತ್ತಲ ದಕ್ಷಿಣ ತೀರ, ಇದೇ ಅದರ ತವರು.

ಸೋಜಿಗವೆಂದರೆ ಕನ್ನಡಿಗರಾದ ನಾವು ಆ ಮರವನ್ನು ಕರೆಯುವುದು ನೀಲಗಿರಿ ಎಂದೇ. ನೆಗಡಿಯಾದಾಗ ಮೂಗಿಗೆ ಹಚ್ಚುವುದು ನೀಲಗಿರಿ ಎಣ್ಣೆ. ಕೋಲಾರದ ಬಯಲಿನಲ್ಲಿ ಸಾಲಾಗಿ ನಿಂತಿರುವುದೂ ನೀಲಗಿರಿ ತೋಪು. ಹೊರಗಿನಿಂದ ಬಂದ ಮರಕ್ಕೆ ನಮ್ಮ ಭಾಷೆ ನಮ್ಮ ಬೆಟ್ಟದ ಹೆಸರನ್ನೇ ಕೊಟ್ಟು ಮನೆಮಗಳನ್ನಾಗಿ ಮಾಡಿಕೊಂಡಿದೆ. ತಮಿಳರಾದರೂ ತೈಲಮರವೆಂದು ಕರೆದು ಸ್ವಲ್ಪ ದೂರ ಇಟ್ಟಿದ್ದಾರೆ.

ಅದು ನಮ್ಮ ಬೆಟ್ಟಕ್ಕೆ ಬಂದ ಬಗೆ ಹೀಗೆ. ಉದಕಮಂಡಲದಲ್ಲಿ ಬಿಳಿಯರ ವಸತಿ ಬೆಳೆದಂತೆ ಚಳಿಗೆ ಸೌದೆ ಸಾಲದಾಯಿತು. ಸೋಲೆಯ ಕಾಡುಗಳು ಒಲೆಯ ಪಾಲಾಗತೊಡಗಿದವು. 1843ರಲ್ಲಿ ಮದರಾಸು ಇಂಜಿನಿಯರ್ಸ್ ದಳದ ಕ್ಯಾಪ್ಟನ್ ಕಾಟನ್ ಈ ಮರವನ್ನು ತಂದು ನೆಟ್ಟನೆಂದು ದಾಖಲೆ. ನೆಟ್ಟರೆ ಸಾಕು, ಕಡಿದರೆ ಮತ್ತೆ ಚಿಗುರುತ್ತದೆ. ದನಕರು ಬಾಯಿ ಹಾಕುವುದಿಲ್ಲ. ಸೌದೆಯ ಚಿಂತೆ ತೀರಿತು. ಎಲೆ ಬೇಯಿಸಿ ಎಣ್ಣೆ ಇಳಿಸುವ ಭಟ್ಟಿಗಳು ಎದ್ದವು. ಮುಂದೆ ಸಿರುಮುಗೈಯ ಕಾರ್ಖಾನೆಗೆ ಕೃತಕ ರೇಷ್ಮೆಯ ತಿರುಳಿಗಾಗಿ ಲಾರಿಗಟ್ಟಲೆ ಮರ ಇಳಿಯಿತು. ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲುಗಳ ಮೇಲೆಲ್ಲ ನೀಲಗಿರಿ, ಅಕೇಶಿಯಗಳ ತೋಪು ಹಬ್ಬಿತು.

ಬೆಲೆ ತೆತ್ತದ್ದು ನೀರು. ಗ್ಲೆನ್‌ಮಾರ್ಗನ್ನಿನಲ್ಲಿ ಹುಲ್ಲುಗಾವಲಿನ ಒಂದು ಕಣಿವೆಗೆ ಈ ಮರವನ್ನು ನೆಟ್ಟು ಪಕ್ಕದ ಕಣಿವೆಯೊಡನೆ ಹೋಲಿಸಿ ನೋಡಿದ ಉದಕಮಂಡಲದ ಮಣ್ಣು ಮತ್ತು ಜಲಸಂರಕ್ಷಣ ಸಂಶೋಧಕರು, ಮೊದಲ ಹತ್ತು ವರ್ಷಗಳ ಬೆಳೆಯಲ್ಲಿಯೇ ತೊರೆಯ ನೀರು ನೂರಕ್ಕೆ ಸುಮಾರು 16ರಷ್ಟು ಇಳಿದದ್ದನ್ನು ಅಳೆದು ತೋರಿಸಿದ್ದಾರೆ. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ನಮ್ಮ ಬೆಟ್ಟದಲ್ಲಿಯೂ ಹೊರಗಿನ ಮರಗಳನ್ನು ತೆಗೆದು ಹುಲ್ಲನ್ನೂ ಸೋಲೆಯನ್ನೂ ಮರಳಿ ತರುವ ಕೆಲಸ ನಡೆದಿದೆ.

ಇದನ್ನೆಲ್ಲ ಬಲ್ಲ ನಾನು ಆ ಮರವನ್ನು ಒಂದು ಬಗೆಯ ಅಪರಾಧಿಯಂತೆಯೇ ನೋಡುತ್ತಿದ್ದವಳು. ಕೆನೆಟ್ ರಿವರಿನಲ್ಲಿ ಅದೇ ಮರ ಬೇರೆಯಾಗಿ ಕಂಡಿತು. ಕೊಂಬೆಯ ಕವೆಯಲ್ಲಿ ಒಂದು ಕೋಲಾ ಮುದ್ದೆಯಾಗಿ ಮಲಗಿತ್ತು. ಎದ್ದಾಗ ಕೈಗೆಟಕಿದ ಎಲೆಯನ್ನೇ ತಿಂದು ಮತ್ತೆ ಮಲಗಿತು. ಹಳೆಯ ಮರದ ಪೊಟರೆಗಳಲ್ಲಿ ಗಿಳಿಗಳ ಸಂಸಾರ. ಬುಡದಲ್ಲಿ ಜರಿಗಿಡ. ನಮ್ಮಲ್ಲಿ ಅದರ ಎಲೆಯನ್ನು ಮೇಯುವ ಒಂದು ಪ್ರಾಣಿಯಿಲ್ಲ. ಅಲ್ಲಿ ಅದನ್ನು ನಂಬಿ ಬಾಳುವ ಒಂದು ಲೋಕವೇ ಇದೆ. ತವರಿನಲ್ಲಿಯೂ ತೂಕ ತಪ್ಪಿದರೆ ಕಷ್ಟವೇ. ಆಟ್ವೇ ಭೂಶಿರಕ್ಕೆ 1981ರಲ್ಲಿ ತಂದುಬಿಟ್ಟ ಕೆಲವು ಹತ್ತು ಕೋಲಾಗಳು ಮುಂದೆ ಮಿತಿಮೀರಿ ಹೆಚ್ಚಿ, ಅಲ್ಲಿಯ ಮ್ಯಾನ ಗಮ್ ಮರಗಳನ್ನೆಲ್ಲ ಬೋಳಿಸಿ, ಕೊನೆಗೆ ತಾವೇ ಹಸಿವಿನಿಂದ ಸತ್ತವು. ಬೆಂಕಿಯ ಭಯವೂ ಉಂಟು. ಎಣ್ಣೆ ತುಂಬಿದ ಈ ಕಾಡು ಹೊತ್ತಿಕೊಂಡರೆ ನಿಲ್ಲುವುದಿಲ್ಲ. ಪಕ್ಕದ ವೈ ರಿವರಿನಲ್ಲಿ 2015ರ ಕ್ರಿಸ್ಮಸ್ ದಿನ ಅಕ್ಕಪಕ್ಕದ ಎರಡು ಊರುಗಳ 116 ಮನೆಗಳು ಸುಟ್ಟುಹೋದವು. ಜನರನ್ನು ಮೊದಲೇ ತೆರವು ಮಾಡಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ.

ಇನ್ನೊಂದು ಕಡೆಯ ಲೆಕ್ಕವನ್ನೂ ಹೇಳದಿದ್ದರೆ ನ್ಯಾಯವಾಗದು. ಬಿಡಾರದ ಮೈದಾನದಲ್ಲಿ ರೊಟ್ಟಿಯ ಚೂರಿಗೆ ಜಗಳವಾಡುತ್ತಿದ್ದ ಹಕ್ಕಿ ನಮ್ಮ ಗೊರವಂಕ! ಬೆಳೆಯ ಹುಳು ತಿನ್ನಲೆಂದು 1860ರ ದಶಕದಲ್ಲಿ ಅದನ್ನು ಮೆಲ್ಬರ್ನಿಗೆ ತಂದುಬಿಟ್ಟರು. ಈಗ ಅದು ಅಲ್ಲಿಯ ಗಿಳಿಗಳನ್ನು ಪೊಟರೆಗಳಿಂದ ಓಡಿಸಿ ತಾನೇ ಗೂಡು ಕಟ್ಟುತ್ತದೆ. ಅವರ ಮರ ನಮ್ಮ ನೀರನ್ನು ಕುಡಿದರೆ, ನಮ್ಮ ಹಕ್ಕಿ ಅವರ ಗೂಡನ್ನು ಕಸಿದಿದೆ. ತಂದು ನೆಟ್ಟವರು, ತಂದು ಬಿಟ್ಟವರು ಒಂದೇ ದೊರೆತನದವರು. ಮರಕ್ಕೂ ಹಕ್ಕಿಗೂ ಅದರಲ್ಲಿ ಪಾಪವಿಲ್ಲ.

ಮೊಮ್ಮಗಳು ಒಂದು ಕಾಯಿಯನ್ನು ಆಯ್ದು, ಅರವಂಕಾಡಿಗೆ ಕೊಂಡುಹೋಗಿರೆಂದು ನನ್ನ ಕೈಗಿತ್ತಳು. ಪರವಾನಗಿಯಿಲ್ಲದೆ ಬೀಜವನ್ನಾಗಲಿ ಗಿಡವನ್ನಾಗಲಿ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲವೆಂದು ಅವಳಿಗೆ ತಿಳಿಸಿ, ಬಿದ್ದಿದ್ದಲ್ಲಿಯೇ ಇಡಿಸಿದೆ. ಕ್ಯಾಪ್ಟನ್ ಕಾಟನ್ನನ ಕಾಲದಲ್ಲಿ ಈ ಕಟ್ಟಲೆಯಿದ್ದಿದ್ದರೆ ಬೆಟ್ಟದ ಕಥೆಯೇ ಬೇರೆಯಾಗುತ್ತಿತ್ತು.

ಸೈನಿಕರ ರಸ್ತೆ, ಕೊನೆಯ ರಾತ್ರಿ

ನಾವು ಬಂದ ದಾರಿಗೆ ಗ್ರೇಟ್ ಓಷನ್ ರೋಡ್ ಎಂದು ಹೆಸರು. ಆಲನ್ಸ್‌ಫರ್ಡಿನಿಂದ ಟಾರ್ಕೀಯವರೆಗೆ ಸುಮಾರು 240 ಕಿಲೋಮೀಟರ್. ಮೊದಲ ಮಹಾಯುದ್ಧದಿಂದ ಜೀವಸಹಿತ ಹಿಂದಿರುಗಿದ ಸುಮಾರು 3,000 ಸೈನಿಕರು, ಹಿಂದಿರುಗದ ತಮ್ಮ ಜೊತೆಗಾರರ ನೆನಪಿಗಾಗಿ, 1919ರಿಂದ 1932ರವರೆಗೆ ಗುದ್ದಲಿ ಪಿಕಾಸಿಗಳಿಂದ ಬಂಡೆ ಕಡಿದು ಮಾಡಿದ ರಸ್ತೆ. ಈಸ್ಟರ್ನ್ ವ್ಯೂ ಎಂಬಲ್ಲಿ ಮರದ ಸ್ಮಾರಕ ಕಮಾನಿದೆ. ಆ ಯುದ್ಧದ ಕಾಲದಲ್ಲಿ ನಮ್ಮ ಕಾರ್ಖಾನೆಯಲ್ಲಿ ಕಾರ್ಡೈಟ್ ತಯಾರಾಗುತ್ತಿದ್ದುದನ್ನು ಬಲ್ಲ ಯಜಮಾನರು ಆ ಕಮಾನಿನ ಕೆಳಗೆ ಟೋಪಿ ತೆಗೆದು ಬಹಳ ಹೊತ್ತು ನಿಂತಿದ್ದರು.

ಭಾನುವಾರ ರಾತ್ರಿ ಟಾರ್ಕೀಯ ಬಿಡಾರದಲ್ಲಿ ಗಾಡಿಯನ್ನು ಒಪ್ಪವಾಗಿಸುವ ಕೆಲಸ. ಉಳಿದ ಅಕ್ಕಿ ಬೇಳೆಗಳನ್ನು ಪಕ್ಕದ ಗಾಡಿಯವರಿಗೆ ಕೊಟ್ಟು, ಒಲೆ ಉಜ್ಜಿ, ಹಾಸಿಗೆಯ ಹೊದಿಕೆಗಳನ್ನು ಮಡಿಸಿ, ಮಲಿನನೀರನ್ನು ಬಿಟ್ಟು, ಪೆಟ್ಟಿಗೆಯನ್ನು ತೊಳೆದಿಟ್ಟೆವು. ಅಟ್ಟದ ಮೇಲೆ ಮಗು ಮಲಗಿದ ಮೇಲೆ ನಾಲ್ವರೂ ಆ ಸಣ್ಣ ಮೇಜಿನ ಸುತ್ತ ಕುಳಿತೆವು.

ನಾನು ಹೇಳಿದ್ದಿಷ್ಟು. ಈ ನೆಲದಲ್ಲಿ ನಿಮ್ಮನ್ನು ನಂಬಿದ ಮಗುವಿದೆ, ಕೆಲಸವಿದೆ, ಕಷ್ಟಸುಖಕ್ಕೆ ಆಗುವ ಸ್ನೇಹಿತರಿದ್ದಾರೆ. ನೀವು ಇಲ್ಲಿ ಬೇರೂರಿದ್ದೀರಿ, ನಮಗೆ ಅದು ಸಂತೋಷ. ನಾವು ಬಂದರೆ ನಿಮಗೆ ಭಾರವಾಗುವೆವೆಂಬ ಹೆದರಿಕೆಯಲ್ಲ. ನಮ್ಮ ಬೀದಿಯಲ್ಲಿ ದಿನವೂ ನಾಲ್ಕು ಮಕ್ಕಳು ಕನ್ನಡ ಅಕ್ಷರ ತಿದ್ದಲು ನನ್ನಲ್ಲಿಗೆ ಬರುತ್ತಾರೆ. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಕನ್ನಡಕ್ಕೆ ಆ ಜಗಲಿಯೊಂದೇ. ನಿಮ್ಮಪ್ಪನ ಬಳಿಗೆ ನಿವೃತ್ತರು ಪಿಂಚಣಿಯ ಕಾಗದಗಳನ್ನು ತರುತ್ತಾರೆ. ಇಲ್ಲಿ ನಾವು ಸುಖವಾಗಿರಬಹುದು, ಆದರೆ ನಮ್ಮಿಂದ ಯಾರಿಗೂ ಏನೂ ಆಗಬೇಕಾದ್ದಿರುವುದಿಲ್ಲ.

ಯಜಮಾನರು ಅದುವರೆಗೆ ಸುಮ್ಮನಿದ್ದವರು ಆಮೇಲೆ ನಿಧಾನವಾಗಿ ಹೇಳಿದರು: "ಇಬ್ಬರಿರುವವರೆಗೆ ಅಲ್ಲೇ ಇರುತ್ತೇವೆ. ಒಬ್ಬರೇ ಉಳಿದ ದಿನ ಈ ಮಾತನ್ನು ಮತ್ತೆ ಆಡೋಣ. ಅಲ್ಲಿಯತನಕ ಮನೆಯನ್ನು ಮಾರುವುದು ಬೇಡ, ಮಾರುವುದಿಲ್ಲವೆಂಬ ಹಟವೂ ಬೇಡ." ಮಗ ತಲೆಯಾಡಿಸಿದ. ಸೊಸೆ ಕಣ್ಣೊರಸಿಕೊಂಡು ಚಹಾ ಮಾಡಿದಳು. ಎರಡು ವರ್ಷಕ್ಕೊಮ್ಮೆ ನಾವು ಹೋಗುವುದೆಂದೂ, ನಡುವಿನ ವರ್ಷ ಮಗುವನ್ನು ರಜೆಗೆ ಅರವಂಕಾಡಿಗೆ ಕಳಿಸುವುದೆಂದೂ ನಿಶ್ಚಯವಾಯಿತು. ಬೆಳಗ್ಗೆ ಹತ್ತು ಗಂಟೆಗೆ ಗಾಡಿಯ ಕೀಲಿಯನ್ನು ಒಪ್ಪಿಸಿದೆವು.

ಇದೇ ಪ್ರಶ್ನೆ ಅನೇಕ ವಾಚಕರ ಮನೆಗಳಲ್ಲಿಯೂ ಎದ್ದಿರಬೇಕು; ಇಲ್ಲವೇ ಏಳಲಿದೆ. ಎಲ್ಲರ ಉತ್ತರ ಒಂದೇ ಆಗಬೇಕಾಗಿಲ್ಲ. ಹೋಗಿ ನೆಲಸಿ ನೆಮ್ಮದಿಯಾಗಿರುವ ಹಿರಿಯರನ್ನು ಮೆಲ್ಬರ್ನಿನ ಕನ್ನಡಿಗರಲ್ಲಿಯೇ ಕಂಡೆ. ಹೋಗಿ ಕಿಟಕಿಯ ಬಳಿ ಕುಳಿತು ದಿನವೆಣಿಸುವವರನ್ನೂ ಕಂಡೆ. ಒಂದು ಮಾತನ್ನು ಮಾತ್ರ ವಿನಯದಿಂದ ಸೂಚಿಸುತ್ತೇನೆ: ಈ ಸಂಗತಿಯನ್ನು ವಿಮಾನನಿಲ್ದಾಣದ ಬಾಗಿಲಿನವರೆಗೆ ಬಿಡಬೇಡಿ. ಅಲ್ಲಿ ಅಳುವುದಕ್ಕಷ್ಟೇ ಸಮಯವಿರುತ್ತದೆ. ಮಕ್ಕಳು ಕೇಳದಿದ್ದರೆ ನೀವೇ ಎತ್ತಿರಿ. ಕೇಳಿದರೆ ಒಂದು ರಾತ್ರಿ ಯೋಚಿಸಿ ನಿಜವನ್ನೇ ಹೇಳಿರಿ. ಔಷಧದ ಖರ್ಚು, ಮನೆಯ ಪತ್ರ, ಒಬ್ಬರೇ ಉಳಿದರೆ ಎಲ್ಲಿ, ಇವೆಲ್ಲವೂ ಪ್ರೀತಿಯ ಮಾತುಗಳೇ.

ಕಳೆದ ವಾರ ಮೊಮ್ಮಗಳ ಕಾಗದ ಬಂತು, ಕನ್ನಡದಲ್ಲಿ. ಒತ್ತಕ್ಷರಗಳು ಇನ್ನೂ ಸ್ವಲ್ಪ ಓಡಾಡುತ್ತವೆ. ಅವರ ಶಾಲೆಯ ಮುಂದಿನ ಮರದ ಹೆಸರು ನೀಲಗಿರಿಯೆಂದು ತರಗತಿಯಲ್ಲಿ ಹೇಳಿದಳಂತೆ. ಅಧ್ಯಾಪಕಿಗೆ ಆ ಹೆಸರು ಬಹಳ ಹಿಡಿಸಿ, ಅದರ ಅರ್ಥ ಕೇಳಿದರಂತೆ. ಅರ್ಥ ಬರೆದು ಕಳಿಸಬೇಕೆಂದು ನನಗೆ ಆಜ್ಞೆಯಾಗಿದೆ.